ಗೋಷ್ಠವು ಗೃಹವಾಗುವ ಬಗೆ

ಸಂಸ್ಕೃತದಲ್ಲಿ 'ಗೋಷ್ಠ'ವೆಂದರೆ ಆಕಳುಗಳು ನಿಲ್ಲುವ ಸ್ಥಾನವು. ವಿದ್ವಜ್ಜನರ ಕೂಟವನ್ನು ಸೂಚಿಸುವ 'ಗೋಷ್ಠಿ' ಎಂಬ ಶಬ್ದವು ಅದರಿಂದಲೇ ಹುಟ್ಟಿತು. ಶಬ್ದಕ್ಕೆ ಸಂದ ಈ ಭಾಗ್ಯವು ಈಗ ನಮ್ಮ ಬೆಳಕೆ, ಭಟಕಳ, ಹೊನ್ನಾವರಗಳ ಕಡೆಯ ಹಳೆಯ ಕೊಟ್ಟಿಗೆಗಳಿಗೂ ಸಲ್ಲುತ್ತಲಿದೆ. ದನಗಳು ಕಡಿಮೆಯಾಗಿ ಬರಿದಾದ ಚಿರೆಕಲ್ಲಿನ ಕಟ್ಟಡಗಳನ್ನು ವಾಸದ ಮನೆಗಳನ್ನಾಗಿ ಮಾಡಿಕೊಳ್ಳುವದು ಯುಕ್ತವೇ. ಆದರೆ ಅದನ್ನು ಮಾಡುವ ಬಗೆ ಯಾವದೆಂಬುದು ವಿಚಾರಣೀಯವಾಗಿದೆ. ಈ ವಿಷಯದಲ್ಲಿ ಇತಿಹಾಸವು ನಮಗೊಂದು ಪಾಠವನ್ನು ಇಟ್ಟಿದೆ.

ನಮ್ಮ ಜಿಲ್ಲೆಯು 1862ರಲ್ಲಿ ಮದ್ರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಅದೇ ಇಲಾಖೆಯಲ್ಲಿದ್ದ ಕಲಾದಗಿ ಜಿಲ್ಲೆಯ ಮುಖ್ಯಸ್ಥಳವು 1885ರಲ್ಲಿ ವಿಜಾಪುರಕ್ಕೆ ಬಂದಿತು. 1686ರಲ್ಲಿ ಔರಂಗಜೇಬನ ವಶವಾದಂದಿನಿಂದ ಕ್ಷೀಣಿಸುತ್ತ ಬಂದಿದ್ದ ಆ ನಗರದಲ್ಲಿ ಅಧಿಕಾರಿಗಳಿಗೆ ಮನೆಗಳು ಬೇಕಾದವು. ಬಯಲುಸೀಮೆಯ ಬಿಸಿಲನ್ನು ತಡೆಯಬಲ್ಲ ದಪ್ಪ ಗೋಡೆಗಳ ಕಟ್ಟಡಗಳು ಕಣ್ಣೆದುರಿಗೇ ನಿಂತಿದ್ದವು. ಆದಿಲಶಾಹಿಯ ಅದಾಲತ ಮಹಲು ಕಲೆಕ್ಟರರ ನಿವಾಸವಾಯಿತು. ಜೋಡಗುಮ್ಮಟಗಳಲ್ಲೊಂದು ಎಂಜಿನಿಯರರ ಮನೆಯಾಯಿತು. ಗೋಳಗುಮ್ಮಟದ ಮಗ್ಗುಲಿನ ಮಸೀದಿಯೂ ಪ್ರವಾಸಿಗಳ ಬಂಗಲೆಯಾಗಿತ್ತು.

ಇದರಿಂದ ಆದುದು ಕೇವಲ ಹಾನಿಯೆನ್ನಲಾಗದು. ಜನರು ವಾಸಿಸುವ ಕಟ್ಟಡದಲ್ಲಿ ನೀರು ಸೋರಿದರೆ ಆ ವರುಷವೇ ದುರಸ್ತಿಯಾಗುವದು. ಬರಿದಾದ ಕಟ್ಟಡದಲ್ಲಿ ಬಿರುಕಿನೊಳಗೆ ಅಶ್ವತ್ಥದ ಬೇರು ಇಳಿಯುವದು. ಆದರೆ ದೇವರ ಪ್ರಾರ್ಥನೆಗೆ ಕಟ್ಟಿದ ಸ್ಥಳದಲ್ಲಿ ಪ್ರವಾಸಿಗಳು ಹಾಸಿಗೆ ಹಾಸುವದು ಯಾವ ಮತದವರಿಗೂ ಸಹ್ಯವಾಗತಕ್ಕದ್ದಲ್ಲ. 1900ರಲ್ಲಿ ವಿಜಾಪುರಕ್ಕೆ ಬಂದ ವೈಸರಾಯ ಲಾರ್ಡ್ ಕರ್ಜನ್ನರು ಮಸೀದಿಯೊಳಗಿನ ಬಂಗಲೆಯನ್ನೂ ಇನ್ನೊಂದು ಮಸೀದಿಯಲ್ಲಿದ್ದ ಟಪಾಲು ಕಚೇರಿಯನ್ನೂ ತೆರವು ಮಾಡಿಸಿದರು. 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣೆಯ ಕಾನೂನು ಬಂದಿತು. ಗೋಳಗುಮ್ಮಟದ ಮುಂದಿನ ನಗಾರಖಾನೆಯಾದರೋ ವಸ್ತುಸಂಗ್ರಹಾಲಯವಾಗಿ ಗೌರವದಿಂದ ಬಾಳುತ್ತಲಿದೆ.

ಇದರಿಂದ ಎರಡು ನಿಯಮಗಳು ಹೊರಡುವವು. ಕಟ್ಟಡದ ಮೊದಲಿನ ಗೌರವಕ್ಕೆ ಹೊಸ ಉಪಯೋಗವು ವಿರೋಧವಾಗಬಾರದು. ಹೊಸದಾಗಿ ಕೂಡಿಸಿದ್ದನ್ನು ಮುಂದಿನವರು ತೆಗೆಯಲು ಸಾಧ್ಯವಾಗಬೇಕು. ಕೂಡಿಸಿದ ಅಡ್ಡಗೋಡೆಯನ್ನು ಬಿಚ್ಚಬಹುದು, ಕಡಿದ ಕಮಾನು ಮರಳಿ ಬಾರದು.

ಕೊಟ್ಟಿಗೆಗೆ ಮೊದಲಿನ ನಿಯಮದ ಬಾಧೆಯಿಲ್ಲ. ಎರಡನೆಯದು ಪೂರ್ಣವಾಗಿ ಅನ್ವಯಿಸುವದು. ಚಿರೆಕಲ್ಲು ರಂಧ್ರಮಯವಾದದ್ದು, ಮಳೆಗಾಲದಲ್ಲಿ ನೀರು ಹೀರಿ ಬೇಸಗೆಯಲ್ಲಿ ಬಿಡುವದು ಅದರ ಸ್ವಭಾವ. ನಮ್ಮ ಹಿರಿಯರ ಚಿಪ್ಪಿನ ಸುಣ್ಣದ ಗಿಲಾವು ಇದಕ್ಕೆ ಅನುಕೂಲವಾಗಿದ್ದಿತು. ಸಿಮೆಂಟಿನ ಗಿಲಾವು ತೇವವನ್ನು ಒಳಗೇ ಹಿಡಿದಿಟ್ಟು ಕಲ್ಲನ್ನು ಸವೆಯಿಸುವದು. ಅದನ್ನು ಕಿತ್ತರೆ ಕಲ್ಲಿನ ಮೈಯೂ ಕಿತ್ತು ಬರುವದು. ಕೊಟ್ಟಿಗೆಯ ಗೋಡೆಗೆ ಇನ್ನೊಂದು ದೋಷವುಂಟು. ಅದು ಬಹುಕಾಲ ಗಂಜಲವನ್ನು ಹೀರಿ ಉಪ್ಪನ್ನು ತುಂಬಿಕೊಂಡಿರುವದು. ಆ ಉಪ್ಪು ಥಂಡಿಯಲ್ಲಿ ಕರಗಿ, ಒಣಗಿದಾಗ ಹರಳಾಗಿ ಗಿಲಾವನ್ನು ಉದುರಿಸುವದು. ಆದುದರಿಂದ ಹಳೆಯ ಗಿಲಾವನ್ನು ತೆಗೆದು, ಒಂದು ಬೇಸಗೆ ಗೋಡೆಯನ್ನು ಒಣಗಬಿಟ್ಟು, ಒದ್ದೆ ಜೇಡಿಯನ್ನು ಮೆತ್ತಿ, ಒಣಗಿದ ಮೇಲೆ ಕೆರೆಯಬೇಕು. ಹೀಗೆ ಕೆಲವು ಸಲ ಮಾಡಿದರೆ ಉಪ್ಪು ಕಡಿಮೆಯಾಗುವದು.

ಹೊಸದೆಲ್ಲವೂ ವರ್ಜ್ಯವೆಂದು ನನ್ನ ಅಭಿಪ್ರಾಯವಲ್ಲ. ನಾವು ಪುರಾತನವೆಂದು ಪ್ರೀತಿಸುವ ಮಂಗಳೂರು ಹಂಚು ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಬಳಿಕ ಬಂದದ್ದು. ಹುಲ್ಲು ಸೋಗೆಗಳ ಮಾಡಿಗೆ ಅದು ಹೊಸದೇ ಆಗಿತ್ತು. ಒಡೆದ ಹಂಚೊಂದನ್ನು ತೆಗೆದು ಬೇರೊಂದನ್ನು ಹೊದಿಸಬಹುದಾದ್ದರಿಂದಲೇ ನಮ್ಮದಾಯಿತು. ವಿದ್ಯುದ್ದೀಪ, ನಲ್ಲಿ, ಸ್ನಾನಗೃಹಗಳೂ ಹಾಗೆಯೇ ಬರಲಿ. ತೊಲೆ ಪಕಾಸುಗಳನ್ನು ಕಡಿಯದೆ, ಗೋಡೆಯ ಉಸಿರು ಕಟ್ಟದೆ ಬರಲಿ. ಕೆಲಸ ತೊಡಗುವ ಮುನ್ನ ಯಜಮಾನರು ಊರಿನ ಹಿರಿಯ ಕಲ್ಲುಕುಟಿಗನನ್ನೂ ಬಡಗಿಯನ್ನೂ ಕರೆದು ಒಂದು ದಿನ ಗೋಡೆ ಮಾಡುಗಳನ್ನು ತೋರಿಸಲಿ. ಆ ಕಸುಬು ಬಲ್ಲವರು ಇನ್ನೂ ಕೆಲವರಿರುವಾಗಲೇ ಇದು ಆಗಬೇಕಾಗಿದೆ.