ವಾತಾಷ್ಠೀಲೆ, ನೆಗ್ಗಿಲು ಮತ್ತು ಬೆಳವಣಿಗೆಕಾರಕಗಳು

ರಾಮನಾಥಪುರದಂತಹ ಕಾವೇರಿತೀರದ ಊರುಗಳ ಜನಪದ ವೈದ್ಯವನ್ನು ಕುರಿತು ಬರೆಯುವಾಗ ವಿಷವೈದ್ಯ, ಸರ್ಪಸುತ್ತು, ಬಾಣಂತನಗಳಿಗೆ ಸಲ್ಲುವ ಗಮನ ಮುದುಕರ ಮೂತ್ರಕಟ್ಟಿಗೆ ಸಲ್ಲುವುದಿಲ್ಲ. ಹೇಳಿಕೊಳ್ಳಲು ನಾಚುವ ಬೇನೆ ಇದಾಗಿರುವುದೇ ಕಾರಣವೆನ್ನಬೇಕು.

ಸುಶ್ರುತಸಂಹಿತೆಯು ಹನ್ನೆರಡು ಮೂತ್ರಾಘಾತಗಳಲ್ಲಿ ವಾತಾಷ್ಠೀಲೆಯನ್ನೂ ಎಣಿಸಿದೆ. ಮಲಮಾರ್ಗ ಹಾಗೂ ಮೂತ್ರಾಶಯಗಳ ನಡುವೆ ದುಂಡುಕಲ್ಲಿನಂತೆ ಎದ್ದ ಗಂಟು ಮೂತ್ರವನ್ನು ತಡೆಯುವುದೆಂಬ ಅದರ ವರ್ಣನೆ ಪ್ರಾಸ್ಟೇಟ್ ಗ್ರಂಥಿಯ ನೆಲೆಯನ್ನು ನೆನಪಿಸುತ್ತದೆ. ಆದರೂ ಎರಡನ್ನೂ ಒಂದೇ ಎನ್ನುವುದು ಅವಸರದ ತೀರ್ಮಾನ. ಅಲ್ಲಿ ಕಾರಣ ಕುಪಿತವಾದ ವಾಯು.

ಅಮೆರಿಕದ ಶಸ್ತ್ರವೈದ್ಯ ಜೆ. ವಿಲಿಯಂ ವೈಟ್ 1895ರಲ್ಲಿ ವೃಷಣಛೇದನದಿಂದ ಈ ಗ್ರಂಥಿ ಕುಗ್ಗುವುದನ್ನು ವರದಿಮಾಡಿದನು. ಹಾರ್ಮೋನಿನ ಪಾತ್ರ ಹೀಗೆ ಕಂಡಿತು. ಆದರೆ ವಯಸ್ಸಿನೊಡನೆ ಟೆಸ್ಟೋಸ್ಟೆರಾನ್ ಇಳಿಯುವಾಗ ಗ್ರಂಥಿ ಬೆಳೆಯುವುದೇಕೆ? ಡೈಹೈಡ್ರೋಟೆಸ್ಟೋಸ್ಟೆರಾನ್ ಗ್ರಂಥಿಯೊಳಗೇ ಉಳಿದು, ಆಧಾರ ಅಂಗಾಂಶದ ಕೋಶಗಳಿಂದ ಫೈಬ್ರೋಬ್ಲಾಸ್ಟ್ ಬೆಳವಣಿಗೆಕಾರಕಗಳನ್ನು ಹೊರಡಿಸುತ್ತದೆ. ಅವು ನೆರೆಯ ಕೋಶಗಳನ್ನು ವೃದ್ಧಿಗೊಳಿಸುತ್ತವೆ. ಮೇಲ್ಪದರದ ಕೋಶಗಳ ವೃದ್ಧಿಗೆ ಕಡಿವಾಣ ಹಾಕುವ ಟಿಜಿಎಫ್-ಬೀಟಾದೊಡನೆ ಇವುಗಳ ಸಮತೋಲ ಕೆಡುವುದೇ ಹಿಗ್ಗುವಿಕೆಗೆ ಮುಖ್ಯ ಕಾರಣವೆಂದು ಭಾವಿಸಲಾಗಿದೆ. ಭ್ರೂಣಾವಸ್ಥೆಯ ಬೆಳವಣಿಗೆಯೇ ಮುಪ್ಪಿನಲ್ಲಿ ಮರಳಿ ಎಚ್ಚರಗೊಳ್ಳುತ್ತದೆಂದು ಮ್ಯಾಕ್‌ನೀಲ್ 1978ರಲ್ಲಿ ಊಹಿಸಿದನು.

ನಮ್ಮ ಮನೆಮದ್ದಾದ ನೆಗ್ಗಿಲುಮುಳ್ಳಿನ ಕಷಾಯ ಮೂತ್ರವನ್ನು ಹೆಚ್ಚಿಸುವ ಉದ್ದೇಶದ್ದು. ದಾರಿಯೇ ಕಟ್ಟಿದವನಿಗೆ ಅದನ್ನು ಕುಡಿಸುತ್ತ ದಿನ ಕಳೆದರೆ ಮೂತ್ರಪಿಂಡಗಳೇ ಕೆಡುವ ಅಪಾಯವುಂಟು. ಮದ್ದುಗಳನ್ನು ದಾಖಲಿಸುವ ಜಾನಪದ ಸಂಗ್ರಾಹಕರು ಈ ಅಂಶವನ್ನೂ ಜೊತೆಗೆ ಬರೆದಿಡಬೇಕು.