ಉತ್ತರಕ್ಕೆ ಹೊರಳಿದ ಹೊಳೆಯ ದಂಡೆಯಲ್ಲಿ

ಸಂಕ್ರಾಂತಿಗೆ ಸೂರ್ಯ ಉತ್ತರಕ್ಕೆ ಹೊರಳುತ್ತಾನೆ ಎನ್ನುತ್ತದೆ ಪಂಚಾಂಗ. ಬಾದಾಮಿಗೆ ಸುಮಾರು 22 ಕಿ.ಮೀ. ದೂರದ ಪಟ್ಟದಕಲ್ಲಿನಲ್ಲಿ ಮಲಪ್ರಭೆಯೂ ಹಾಗೆಯೇ ಹೊರಳಿದ್ದಾಳೆ. ಪಶ್ಚಿಮಘಟ್ಟದಲ್ಲಿ ಹುಟ್ಟಿ ಪೂರ್ವದ ಕಡೆ ಸಾಗುವ ಹೊಳೆ ಇಲ್ಲಿ ತುಸು ದೂರ ಉತ್ತರಾಭಿಮುಖಿ. ಇಂಥ ಕಡೆ ಮಿಂದರೆ ಮನುಷ್ಯ ಹೊಸಬನಾಗುತ್ತಾನೆಂಬುದು ಜನರ ನಂಬಿಕೆ. ಶಾಸನಗಳಲ್ಲಿ ಕಿಸುವೊಳಲ್, ಎಂದರೆ ಕೆಂಪು ಊರು, ಎನಿಸಿಕೊಂಡ ಈ ಊರಿಗೆ ಪಟ್ಟದಕಲ್ಲು ಎಂಬ ಹೆಸರು ಬಂದದ್ದು ಚಾಲುಕ್ಯರ ಪಟ್ಟಾಭಿಷೇಕದಿಂದ. ಅಭಿಷೇಕವೆಂದರೂ ಮೀಯುವುದೇ ತಾನೆ!

ಆದರೆ ಹೊಸಬನಾಗುವುದೆಂದರೆ ಹಳೆಯದನ್ನೆಲ್ಲ ಕಳಚಿ ಎಸೆಯುವುದೇ? ಈ ದಂಡೆಯ ಇತಿಹಾಸ ಬೇರೆಯೇ ಉತ್ತರ ಕೊಡುತ್ತದೆ.

ಕ್ರಿ.ಶ. 642ರಲ್ಲಿ ಪಲ್ಲವರ ಒಂದನೇ ನರಸಿಂಹವರ್ಮ ಬಾದಾಮಿಯನ್ನು ಗೆದ್ದ. 'ವಾತಾಪಿಕೊಂಡ' ಎಂದು ಬಿರುದು ಧರಿಸಿದ. ಅವನ ಶಾಸನ ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಇದೆ. ಇಮ್ಮಡಿ ಪುಲಕೇಶಿಯ ರಾಜಧಾನಿ ಹತ್ತಾರು ವರ್ಷ ಪರರ ಕೈಯಲ್ಲಿತ್ತು. ಆ ಅವಮಾನ ವಂಶದ ನೆನಪಿನಲ್ಲಿ ಮುಳ್ಳಿನಂತೆ ಉಳಿದಿದ್ದರೆ ಆಶ್ಚರ್ಯವಿಲ್ಲ. ಸುಮಾರು ನೂರು ವರ್ಷದ ಬಳಿಕ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಹೊಕ್ಕ. ಮೂರು ಬಾರಿ ಗೆದ್ದನೆಂದು ಪಟ್ಟದಕಲ್ಲಿನ ಶಾಸನ ಹೇಳುತ್ತದೆ. ಸುಡುವುದಕ್ಕೆ, ಕೆಡವುವುದಕ್ಕೆ ಅವನ ಬಳಿ ಬೇಕಾದಷ್ಟು ನೆಪವಿತ್ತು. ಆದರೂ ಅವನು ಊರನ್ನು ಹಾಳುಗೆಡವಲಿಲ್ಲ. ರಾಜಸಿಂಹೇಶ್ವರ ದೇಗುಲದ, ಎಂದರೆ ಇಂದಿನ ಕೈಲಾಸನಾಥ ಗುಡಿಯ, ಐಶ್ವರ್ಯವನ್ನು ಕಂಡು ಅದನ್ನು ದೇವರಿಗೇ ಮರಳಿಸಿದ. ಈ ಸಂಗತಿಯನ್ನು ಸಾರುವ ಕನ್ನಡ ಶಾಸನ ಆ ಗುಡಿಯ ಕಂಬದ ಮೇಲಿದೆ. ತಮಿಳು ನೆಲದ ದೇಗುಲದಲ್ಲಿ ಕನ್ನಡದ ಸಾಲುಗಳು! ಮಗ ಇಮ್ಮಡಿ ಕೀರ್ತಿವರ್ಮ ಹೊರಡಿಸಿದ ವಕ್ಕಲೇರಿ ತಾಮ್ರಪಟಗಳೂ ಇದನ್ನೇ ಹೇಳುತ್ತವೆ. ಅರಸರ ಪ್ರಶಸ್ತಿಗಳಲ್ಲಿ ಉತ್ಪ್ರೇಕ್ಷೆ ಇದ್ದದ್ದೇ. ಆದರೆ ಕೊಳ್ಳೆ ಹೊಡೆದದ್ದನ್ನಲ್ಲ, ಹಿಂದಿರುಗಿಸಿದ್ದನ್ನು ಹಿರಿಮೆಯೆಂದು ಕೆತ್ತಿಸಿದ ಪ್ರಶಸ್ತಿಗಳು ಎಷ್ಟಿವೆ?

ಆ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ದೇಗುಲ ಕಟ್ಟಿಸಿದಳು. ಈಗಿನ ವಿರೂಪಾಕ್ಷ ಗುಡಿ ಅದೇ. ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ವಿರೂಪಾಕ್ಷದ ಶಿಲ್ಪಿ ಗುಂಡನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಿಕ್ಕಿತು. ದಕ್ಷಿಣದ ವಿಮಾನ ಹೊತ್ತ ಈ ಗುಡಿಯಲ್ಲಿ ಕಂಚಿಯ ಕೈಲಾಸನಾಥದ ಹೋಲಿಕೆ ಎದ್ದು ಕಾಣುತ್ತದೆ. ವೈರಿಯ ಊರಿನ ರೂಪವೇ ಗೆಲುವಿನ ಗುರುತಾಯಿತು. ಅದೇ ಆವರಣದಲ್ಲಿ ಗಳಗನಾಥ, ಜಂಬುಲಿಂಗ, ಕಾಶಿವಿಶ್ವನಾಥ ಗುಡಿಗಳು ಉತ್ತರದ ನಾಗರ ಶೈಲಿಯಲ್ಲಿ ನಿಂತಿವೆ. ತುಸು ದಕ್ಷಿಣಕ್ಕಿರುವ ಪಾಪನಾಥದಲ್ಲಂತೂ ಎರಡೂ ಬೆರೆತಿವೆ. 1987ರಲ್ಲಿ ಯುನೆಸ್ಕೋ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಕ್ಕೆ ಈ ಬೆರಕೆಯ ಸೊಗಸೂ ಕಾರಣ. 'ಪ್ರಯೋಗಶಾಲೆ' ಎಂದು ಪ್ರವಾಸಿ ಕೈಪಿಡಿಗಳು ಬರೆಯುತ್ತವೆ. ಅದು ಸ್ವಲ್ಪ ಒಣ ಮಾತು. ಇದು ನಮ್ಮದು, ಅದು ಪರರದು ಎಂದು ಗೆರೆ ಎಳೆಯದ ಮನಸ್ಸು ಆ ಪದದೊಳಗೆ ಹಿಡಿಯುವುದಿಲ್ಲ.

ಇದಕ್ಕೂ ಮೊದಲೇ, ಆರನೇ ಶತಮಾನದಲ್ಲಿ, ಬಾದಾಮಿಯ ಮೊದಲ ಗುಹೆಯಲ್ಲಿ ಒಂದೇ ದೇಹದಲ್ಲಿ ಗಂಡು ಹೆಣ್ಣಾದ ಅರ್ಧನಾರೀಶ್ವರನೂ, ಶಿವ ವಿಷ್ಣು ಒಂದಾದ ಹರಿಹರನೂ ಮೂಡಿದ್ದರು. ಯಾವ ಅರ್ಧವನ್ನೂ ಬಿಟ್ಟುಕೊಡದೆ ಪೂರ್ಣವಾಗುವ ಕಲ್ಪನೆ ಈ ಕೆಂಪುಕಲ್ಲಿಗೆ ಹೊಸದಲ್ಲ.

ಕ್ರಿ.ಶ. 754ರಲ್ಲಿ ಪಟ್ಟದಕಲ್ಲಿನಲ್ಲಿ ನಿಂತ ಕಂಬವೊಂದರ ಶಾಸನ ಇನ್ನೂ ಕುತೂಹಲಕರ. ಗಂಗೆಯ ಉತ್ತರ ದಂಡೆಯ ಸೀಮೆಯಿಂದ ಬಂದ ಜ್ಞಾನಶಿವಾಚಾರ್ಯರು ನಿಲ್ಲಿಸಿದ ಕಂಬ ಅದು. ಒಂದೇ ಪಾಠ ಎರಡು ಲಿಪಿಗಳಲ್ಲಿದೆ: ಉತ್ತರದ ಸಿದ್ಧಮಾತೃಕೆ ಮತ್ತು ಇಲ್ಲಿನ ಕನ್ನಡ-ತೆಲುಗು ಲಿಪಿ. ಆ ಹೊತ್ತಿಗಾಗಲೇ ರಾಷ್ಟ್ರಕೂಟ ದಂತಿದುರ್ಗನ ಕೈ ಮೇಲಾಗಿತ್ತು. ಕೆಲವೇ ವರ್ಷಗಳಲ್ಲಿ ಬಾದಾಮಿ ಚಾಲುಕ್ಯರ ಆಳ್ವಿಕೆ ಮುಗಿಯಿತು. ಪಟ್ಟ ಕಟ್ಟಿಸಿಕೊಳ್ಳಲು ಅರಸರೇ ಉಳಿಯಲಿಲ್ಲ.

ಉಳಿದದ್ದು ಅವರ ಕುಲದೇವತೆ. ಬಾದಾಮಿಗೆ ಸುಮಾರು 5 ಕಿ.ಮೀ. ದೂರದ ಚೊಳಚಗುಡ್ಡದ ಬಳಿ ಬನದ ನಡುವೆ ಬನಶಂಕರಿ ಇದ್ದಾಳೆ. ಈಗಿನ ಗುಡಿ ಹದಿನೆಂಟನೇ ಶತಮಾನದ್ದು. ಅವಳ ಇನ್ನೊಂದು ಹೆಸರು ಶಾಕಂಭರಿ. ಮಳೆಯಿಲ್ಲದೆ ಲೋಕ ಕಂಗೆಟ್ಟಾಗ ತನ್ನ ಮೈಯಿಂದಲೇ ಕಾಯಿಪಲ್ಲೆ ಹುಟ್ಟಿಸಿ ಜೀವ ಉಳಿಸುವವಳು ಎನ್ನುತ್ತದೆ ದೇವೀಮಹಾತ್ಮ್ಯೆ. ಬರಗಾಲ ಕಂಡ ಈ ಸೀಮೆಯವರಿಗೆ ಇದು ಬರೀ ಪುರಾಣದ ಕಥೆ ಅನಿಸಲಾರದು.

ಪುಷ್ಯ ಮಾಸದಲ್ಲಿ, ಹೊಲದಲ್ಲಿ ಬಿಳಿಜೋಳ ತೆನೆಗಟ್ಟುವ ಹೊತ್ತಿಗೆ, ಅವಳ ಜಾತ್ರೆ. ಬನದ ಹುಣ್ಣಿಮೆಯ ದಿನ ತೇರು. ಅದರ ಹಿಂದಿನ ದಿನ ಪಲ್ಲೇದ ಹಬ್ಬ: 108 ಬಗೆಯ ಪಲ್ಯಗಳ ನೈವೇದ್ಯ. ಸೊಪ್ಪು, ಕಾಯಿ, ಗೆಡ್ಡೆ, ಕಾಳು ಎಲ್ಲ ಒಂದೇ ಎಡೆಗೆ ಸೇರುತ್ತವೆ. ತೇರು ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ನಿಲ್ಲುತ್ತದೆ. ಹಗಲು ದೇವಿಗೆ ಕಾಯಿ ಒಡೆಸಿದವರೇ ರಾತ್ರಿ ನಾಟಕ ಕಂಪನಿಗಳ ಟೆಂಟಿನಲ್ಲಿ ಕೂತು ಬೆಳಗಿನವರೆಗೆ ನಗುತ್ತಾರೆ.