ಆದಾಯ ಮೂಲಗಳು ಮತ್ತು ಆಹಾರ ಭದ್ರತೆ: ಹಳ್ಳಿಮೈಸೂರು ಸೀಮೆ

ಹಾಸನ ಜಿಲ್ಲೆ, ಹೊಳೆನರಸೀಪುರ ತಾಲ್ಲೂಕಿನ ಹೋಬಳಿ ಹಳ್ಳಿಮೈಸೂರು. ಇಲ್ಲಿಯೂ ಪಕ್ಕದ ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿಯೂ ಬಹುಕಾಲ ಮನೆಯ ಊಟ ಹೊಲದ ರಾಗಿಯನ್ನೇ ನಂಬಿತ್ತು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಮುದ್ದೆ, ಸಾರು, ಎಣ್ಣೆ, ದನದ ಮೇವು ಎಲ್ಲವೂ ಒಂದೇ ಹೊಲದಿಂದ. ಜಮೀನಿಲ್ಲದವರಿಗೆ ಸುಗ್ಗಿಯ ಕೂಲಿ, ಕಸುಬುದಾರರಿಗೆ ವರ್ಷದ ಆಯ ಕಾಳಿನಲ್ಲೇ ಸಲ್ಲುತ್ತಿತ್ತು. ಮಿಕ್ಕ ರಾಗಿ ಹಗೇವು ಸೇರುತ್ತಿತ್ತು.

ಮಳೆ ಒಂದರ ಹಿಂದೊಂದು ಕೈಕೊಟ್ಟರೆ ಹಗೇವೂ ಬರಿದು. 1876–78ರ ಕ್ಷಾಮದಲ್ಲಿ ಆದದ್ದು ಅದೇ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿಯಿತು.

ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ನಾಲೆ ಹರಿದ ಕಡೆ ಭತ್ತ ಹೆಚ್ಚಿತು. ಖುಷ್ಕಿಯಲ್ಲಿ ಆಲೂಗಡ್ಡೆ, ಅರಕಲಗೂಡಿನ ರಾಮನಾಥಪುರದ ಸುತ್ತ ಹೊಗೆಸೊಪ್ಪು ರೊಕ್ಕದ ಬೆಳೆಗಳಾದವು. ಆಲೂಗಡ್ಡೆಯ ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರದಿಂದ ಬರಬೇಕು. ಅಂಗಮಾರಿ ಬಿದ್ದರೆ ಹಾಕಿದ ದುಡ್ಡೂ ಇಲ್ಲ. ಹೊಗೆಸೊಪ್ಪಿನ ಹಣ ಹರಾಜಿನ ಕಾಲದಲ್ಲಿ ಗಂಟಾಗಿ ಬಂದು, ಗೊಬ್ಬರ, ಸೌದೆ, ಕೈಸಾಲಗಳಿಗೆ ಗಂಟಾಗಿಯೇ ಹೋಗುತ್ತದೆ. ಅಡುಗೆಮನೆಗೆ ಬೇಕಾದದ್ದು ದೊಡ್ಡ ಮೊತ್ತಕ್ಕಿಂತ ತಪ್ಪದೆ ಬರುವ ಚಿಲ್ಲರೆ ಕಾಸು. ಅದನ್ನು ಕೊಟ್ಟದ್ದು ಹಸು. ಹಾಸನ ಹಾಲು ಒಕ್ಕೂಟ 1977ರಲ್ಲಿ ಆರಂಭವಾದ ನಂತರ ಊರೂರಿನಲ್ಲಿ ಡೈರಿಗಳಾದವು. ಎಣ್ಣೆ, ಬೇಳೆ, ಸೊಪ್ಪು, ಅಂಗಡಿಯ ಉದ್ದರಿ ಎಲ್ಲಕ್ಕೂ ಹಾಲಿನ ಬಟವಾಡೆಯೇ ದಿಕ್ಕು. ದುಡ್ಡು ಹೆಂಗಸರ ಕೈಗೆ ಸಿಕ್ಕ ಮನೆಗಳಲ್ಲಿ ಅದು ಊಟಕ್ಕೇ ಸಲ್ಲುವುದು ಹೆಚ್ಚು.

ಕೂಲಿಯವರ ದಾರಿ ಬೇರೆ: ಸಕಲೇಶಪುರದ ಕಾಫಿ ತೋಟ, ಬೆಂಗಳೂರಿನ ಗಾರ್ಮೆಂಟ್ಸ್, ಉದ್ಯೋಗ ಖಾತ್ರಿ. 2013ರ ಅನ್ನಭಾಗ್ಯ ಇವರ ಹಸಿವಿನ ಭಯವನ್ನು ತಗ್ಗಿಸಿತು, 2023ರ ಗೃಹಲಕ್ಷ್ಮಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಟ್ಟಿತು. ಆದರೆ ಸೊಸೈಟಿ ಅಕ್ಕಿ ಹೊಟ್ಟೆ ತುಂಬಿಸಿದಷ್ಟು ಸುಲಭವಾಗಿ ಅಕ್ಕಡಿಯ ಅವರೆ, ತೊಗರಿಯ ಜಾಗ ತುಂಬಲಾರದು.

ಹಾಲಿನದೂ ಒಂದು ವಿಪರ್ಯಾಸ. ಲೀಟರಿನ ಲೆಕ್ಕ ಬಂದ ಮೇಲೆ ಕರೆದದ್ದೆಲ್ಲ ಡೈರಿಗೆ ಹೋಗಿ, ಎಷ್ಟೋ ಮನೆಗಳಲ್ಲಿ ಕಾಫಿಗಷ್ಟೇ ಉಳಿಯತೊಡಗಿತು. ಒಕ್ಕೂಟಗಳಲ್ಲಿ ಪುಡಿಯಾದ ಹಾಲು, 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯದಡಿ, ಶಾಲೆ ಮತ್ತು ಅಂಗನವಾಡಿಗಳಲ್ಲಿ 150 ಮಿಲಿಲೀಟರಿನ ಲೋಟವಾಗಿ ಮಕ್ಕಳಿಗೆ ಸಿಗುತ್ತಿದೆ.